ನೆಟ್‌ವರ್ಕ್ ಇಲ್ಲದ ದಾರಿಯಲ್ಲಿ ಕ್ಯಾಮೆರಾ ಗಾಡಿ

ಮಾನ್ಯ ಸಂಪಾದಕರೇ,

ವಾಹನಕ್ಕೆ ಕ್ಯಾಮೆರಾ ಕಟ್ಟಿಕೊಂಡು ರಸ್ತೆ, ಕಂಬ, ಚರಂಡಿ, ಗಿಡಮರಗಳ ಚಿತ್ರ ಸಂಗ್ರಹಿಸುವ ವ್ಯವಸ್ಥೆಗಳ ಬಗ್ಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕ್ಯಾಮೆರಾದ ಮೆಗಾಪಿಕ್ಸೆಲ್ ಎಷ್ಟು, ಕೃತಕ ಬುದ್ಧಿಮತ್ತೆ ರಸ್ತೆಯ ಬಿರುಕುಗಳನ್ನು ಹೇಗೆ ತಾನಾಗಿಯೇ ಹುಡುಕುತ್ತದೆ, ಚಿತ್ರಗಳು ಕ್ಷಣದಲ್ಲಿ ಸರ್ವರ್ ಸೇರುವುದು ಹೇಗೆ ಎಂಬುದನ್ನೆಲ್ಲ ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ನಾನು ಈ ಕೆಲಸವನ್ನೇ ಮಾಡುವವಳು. ಗಾಡಿಗೆ ಕ್ಯಾಮೆರಾ ಬಿಗಿಯುವುದು, ವೈರ್ ಎಳೆಯುವುದು, ಚಾಲಕರ ಪಕ್ಕದಲ್ಲಿ ಕೂತು ದಿನವಿಡೀ ಸುತ್ತುವುದು, ಸಂಜೆ ಡಿಸ್ಕ್ ತೆಗೆದು ಪ್ರತಿ ಮಾಡುವುದು ನನ್ನ ಕೆಲಸ. ನಾವು ಸುತ್ತುವ ದಾರಿಗಳಲ್ಲಿ ಹೆಚ್ಚಿನವು ಮೊಬೈಲ್ ಸಿಗ್ನಲ್ ಸಿಗದ ದಾರಿಗಳು. ಅಲ್ಲಿ ಕೂತು ನೋಡಿದಾಗ ಈ ವಿಷಯ ಬೇರೆಯೇ ಆಗಿ ಕಾಣುತ್ತದೆ.

ನನ್ನ ಮಾತು ಇಷ್ಟೇ: ಚಿತ್ರದ ಬೆಲೆ ನಿರ್ಧಾರವಾಗುವುದು ಗಾಡಿಯೊಳಗೆ, ಚಿತ್ರ ತೆಗೆದ ಆ ಕ್ಷಣದಲ್ಲಿ. ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು, ಕ್ಯಾಮೆರಾ ಯಾವ ಕಡೆ ನೋಡುತ್ತಿತ್ತು ಎಂಬುದನ್ನು ಉಪಕರಣ ಆಗಲೇ ನಂಬುವಂತೆ ಬರೆದಿಡದಿದ್ದರೆ ಆಮೇಲೆ ಯಾವ ಕಂಪ್ಯೂಟರೂ ಅದನ್ನು ಹುಟ್ಟಿಸಲಾರದು. ಇಂಥ ವ್ಯವಸ್ಥೆಗಳಿಗೆ ಹಣ ಕೊಡುವವರು, ಟೆಂಡರ್ ಬರೆಯುವವರು ಈ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ಅವರು ಓದಲಿ ಎಂದೇ ಈ ದೀರ್ಘ ಪತ್ರ.

ಈ ವಿದ್ಯೆ ಹೊಸದೇನಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಆಸ್ಪೆನ್ ಎಂಬ ಪಟ್ಟಣದ ಬೀದಿಗಳನ್ನೆಲ್ಲ ಹೀಗೆ ಚಿತ್ರೀಕರಿಸಿದ್ದರು. ಕಾರಿನ ಮೇಲೆ 16 ಮಿ.ಮೀ. ಫಿಲ್ಮ್ ಕ್ಯಾಮೆರಾಗಳು, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಒಂದು ಸೈಕಲ್ ಚಕ್ರ. ಚಕ್ರ ಉರುಳಿದ ದೂರ ಅಳೆದು ಪ್ರತಿ 10 ಅಡಿಗೊಮ್ಮೆ ಕ್ಯಾಮೆರಾಗಳು ಚಿತ್ರ ತೆಗೆಯುತ್ತಿದ್ದವು. ಬೀದಿಗಳ ಚಿತ್ರವನ್ನು ನಕ್ಷೆಯಲ್ಲಿ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಬಂದದ್ದು 2007ರಲ್ಲಿ. ಆಸ್ಪೆನ್‌ನವರಿಗೆ ಇಂಟರ್ನೆಟ್ ಇರಲಿಲ್ಲ, ಜನಸಾಮಾನ್ಯರ ಕೈಗೆ ಜಿಪಿಎಸ್ ಬಂದಿರಲಿಲ್ಲ. ಆದರೂ ಸೆಕೆಂಡಿಗೊಂದು ಚಿತ್ರವೆಂದು ಲೆಕ್ಕ ಹಾಕದೆ ದೂರಕ್ಕೊಂದು ಚಿತ್ರವೆಂದು ಲೆಕ್ಕ ಹಾಕಿದರಲ್ಲ, ಆ ಬುದ್ಧಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಈಗಿನ ಎಷ್ಟೋ ಉಪಕರಣಗಳು ಸೆಕೆಂಡಿಗೊಂದು ಚಿತ್ರ ತೆಗೆಯುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ಎರಡು ಚಿತ್ರಗಳ ನಡುವೆ ಸುಮಾರು 17 ಮೀಟರ್ ಖಾಲಿ. ಅದೇ ಗಾಡಿ ರೈಲ್ವೆ ಗೇಟಿನ ಮುಂದೆ ನಿಂತರೆ ಎದುರಿನ ಲಾರಿಯ ಹಿಂಭಾಗದ ಒಂದೇ ಚಿತ್ರ ನೂರಾರು ಸಲ. ಬೇಕಾದ ಕಡೆ ಇಲ್ಲ, ಬೇಡದ ಕಡೆ ರಾಶಿ. ದೂರಕ್ಕೆ ತಕ್ಕಂತೆ ತೆಗೆಯುವ ಉಪಕರಣದಲ್ಲೂ ಒಂದು ಸೂಕ್ಷ್ಮವಿದೆ. ನಿಂತ ಗಾಡಿಯಲ್ಲೂ ಜಿಪಿಎಸ್ ತೋರಿಸುವ ಜಾಗ ಒಂದಿಷ್ಟು ಮೀಟರ್ ಅತ್ತಿತ್ತ ಅಲೆಯುತ್ತಲೇ ಇರುತ್ತದೆ. ಉಪಕರಣ ಆ ಅಲೆದಾಟವನ್ನೇ ಚಲನೆ ಎಂದುಕೊಂಡು ಚಿತ್ರ ತೆಗೆಯತೊಡಗುತ್ತದೆ. ಹಾಗಾಗಿ ಗಾಡಿ ನಿಜಕ್ಕೂ ಉರುಳುತ್ತಿದೆಯೇ ಎಂದು ನೋಡಲು ಚಕ್ರದ ಸೆನ್ಸರ್ ಇರಬೇಕು, ಕೊನೆಗೆ ವೇಗದ ಒಂದು ಕೆಳಮಿತಿಯಾದರೂ ಇರಬೇಕು. ಸುರಂಗದಲ್ಲಿ, ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ಸಂದಿಯಲ್ಲಿ ಜಿಪಿಎಸ್ ಕೈಕೊಟ್ಟಾಗಲೂ ಆ ಚಕ್ರವೇ ನಮ್ಮನ್ನು ಕಾಯುತ್ತದೆ.

ಮೆಗಾಪಿಕ್ಸೆಲ್ ವಿಷಯಕ್ಕೆ ಬರುತ್ತೇನೆ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿನಲ್ಲಿ 11 ಮೀಟರ್ ಮುಂದೆ ಹೋಗಿರುತ್ತದೆ. ಪಕ್ಕಕ್ಕೋ ಕೆಳಕ್ಕೋ ನೋಡುವ ಕ್ಯಾಮೆರಾದ ಶಟರ್, ಅಂದರೆ ಬೆಳಕು ಒಳಬಿಡುವ ಬಾಗಿಲು, ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೂ ಅಷ್ಟರಲ್ಲಿ ಗಾಡಿ 11 ಸೆಂಟಿಮೀಟರ್ ಸರಿದಿರುತ್ತದೆ, ಚಿತ್ರವೂ ಅಷ್ಟೇ ಬಳಿದುಕೊಂಡಿರುತ್ತದೆ. ಸಾವಿರದ ಒಂದು ಭಾಗಕ್ಕೆ ಇಳಿಸಿದರೆ 1.1 ಸೆಂಟಿಮೀಟರ್, ನಾಲ್ಕು ಸಾವಿರದ ಒಂದು ಭಾಗಕ್ಕೆ ಇಳಿಸಿದರೆ ಸುಮಾರು 3 ಮಿಲಿಮೀಟರ್. ಮೂರು ಮಿಲಿಮೀಟರ್ ಅಗಲದ ಬಿರುಕು ಹುಡುಕಲು ಹೊರಟವರು ಮೊದಲು ಕೇಳಬೇಕಾದದ್ದು ಈ ಲೆಕ್ಕವನ್ನು. 12 ಮೆಗಾಪಿಕ್ಸೆಲ್ ಇರಲಿ, 48 ಇರಲಿ, ಬಳಿದುಕೊಂಡ ಚಿತ್ರದಲ್ಲಿ ಹೆಚ್ಚಿನ ಪಿಕ್ಸೆಲ್‌ಗಳು ಬಳಿದ ಗೆರೆಯನ್ನೇ ಇನ್ನಷ್ಟು ದೊಡ್ಡದಾಗಿ ತೋರಿಸುತ್ತವೆ.

ಬಿಸಿಲಲ್ಲಿ ಪ್ರಯೋಗ ಮಾಡಿ ತೋರಿಸಿದ ಉಪಕರಣ ಚೆನ್ನಾಗಿಯೇ ಕಾಣುತ್ತದೆ. ಮರದ ನೆರಳಿಗೆ ಹೋದಾಗ ನೋಡಬೇಕು. ಬೆಳಕು ಸಾಲದೆಂದು ಕ್ಯಾಮೆರಾ ತಾನಾಗಿಯೇ ಶಟರ್ ಹೊತ್ತನ್ನು ಹೆಚ್ಚಿಸಿಕೊಳ್ಳುತ್ತದೆ. ನಾಲ್ಕು ಹೆಜ್ಜೆ ಬಿಸಿಲು, ನಾಲ್ಕು ಹೆಜ್ಜೆ ನೆರಳು ಇರುವ ರಸ್ತೆಯಲ್ಲಿ ಒಂದು ಚಿತ್ರ ಸ್ಪಷ್ಟ, ಮುಂದಿನದು ಮಸುಕು. ಶಟರ್ ಇಷ್ಟಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದು ಮೇಲ್ಮಿತಿ ಹಾಕಿ, ಉಳಿದ ಕೊರತೆಯನ್ನು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ ತುಂಬಿಕೊಳ್ಳಲು ಬಿಡಬೇಕು. ಚಿತ್ರದಲ್ಲಿ ಕಾಳುಕಾಳಾದ ಗದ್ದಲ ಬರುತ್ತದೆ, ಬರಲಿ. ಗದ್ದಲದ ನಡುವೆ ಬಿರುಕು ಕಾಣುತ್ತದೆ, ಬಳಿದುಹೋದರೆ ಕಾಣುವುದಿಲ್ಲ. ಈ ಮೇಲ್ಮಿತಿ ಹಾಕುವ ಅವಕಾಶವೇ ಇಲ್ಲದ ಕ್ಯಾಮೆರಾಗಳು ಎಷ್ಟೇ ಬೆಲೆಬಾಳಲಿ, ಗಾಡಿಯ ಮೇಲೆ ಕಟ್ಟಲು ಬರುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ರೋಲಿಂಗ್ ಶಟರ್. ಬಹುಪಾಲು ಕ್ಯಾಮೆರಾಗಳ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತಾ ಬರುತ್ತದೆ. ಹಾಗೆ ಓದಲು 20 ಮಿಲಿಸೆಕೆಂಡ್ ಹಿಡಿಯಿತೆನ್ನಿ, 40 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಗಾಡಿ 22 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ನೆಟ್ಟಗೆ ನಿಂತ ವಿದ್ಯುತ್ ಕಂಬ ಚಿತ್ರದಲ್ಲಿ ವಾಲಿಕೊಂಡಿರುತ್ತದೆ. ಕಂಬ ವಾಲಿದೆಯೇ ಎಂದು ಪತ್ತೆ ಮಾಡುವುದೇ ಸರ್ವೆಯ ಉದ್ದೇಶವಾಗಿದ್ದರೆ ಏನು ಗತಿ? ಎಲ್ಲ ಸಾಲುಗಳನ್ನೂ ಒಟ್ಟಿಗೇ ಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾಗಳಲ್ಲಿ ಈ ತೊಂದರೆ ಇಲ್ಲ. ಕಡಿಮೆ ಖರ್ಚಿನಲ್ಲಿ ಉಪಕರಣ ಕಟ್ಟುವವರಿಗೆ ಪರಿಚಿತವಾದ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಕಂಪ್ಯೂಟರ್ ಬೋರ್ಡಿನ ಬಳಗದಲ್ಲೇ ಎರಡೂ ಬಗೆ ಸಿಗುತ್ತವೆ. 2020ರಲ್ಲಿ ಬಂದ 12.3 ಮೆಗಾಪಿಕ್ಸೆಲ್‌ನ ಕ್ಯಾಮೆರಾ ರೋಲಿಂಗ್ ಶಟರ್‌ನದು, 2023ರಲ್ಲಿ ಬಂದ ಗ್ಲೋಬಲ್ ಶಟರ್ ಕ್ಯಾಮೆರಾದ್ದು ಬರೀ 1.6 ಮೆಗಾಪಿಕ್ಸೆಲ್. ಓಡುವ ಗಾಡಿಯಿಂದ ಕಂಬದ ವಾಲು ಅಳೆಯಲು ನನ್ನನ್ನು ಕೇಳಿದರೆ ಎರಡನೆಯದನ್ನೇ ಕೈಗೆತ್ತಿಕೊಳ್ಳುತ್ತೇನೆ.

ಫೋಕಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಟೋಫೋಕಸ್ ಆರಿಸಿಬಿಡಬೇಕು. ಇಲ್ಲದಿದ್ದರೆ ಮುಂದಿನ ಗಾಜಿನ ಮೇಲಿನ ಒಂದು ಮಳೆಹನಿಯನ್ನು ಅದು ಅಪ್ಪಿಕೊಂಡು ಕೂರುತ್ತದೆ, ರಸ್ತೆಯೆಲ್ಲ ಮಂಜು. ಲೆನ್ಸನ್ನು ಕೈಯಿಂದಲೇ ಒಂದು ದೂರಕ್ಕೆ ಹೊಂದಿಸಿ, ಉಂಗುರದ ಪಕ್ಕದ ಪುಟ್ಟ ಸ್ಕ್ರೂ ಬಿಗಿದು, ಸ್ಕ್ರೂವಿನಿಂದ ಉಂಗುರದವರೆಗೆ ಉಗುರುಬಣ್ಣದ ಒಂದು ಸಣ್ಣ ಗೆರೆ ಎಳೆಯುತ್ತೇನೆ. ಸಂಜೆ ಆ ಗೆರೆ ನಡುವೆ ಮುರಿದು ಎರಡಾಗಿದ್ದರೆ ಕುಲುಕಾಟಕ್ಕೆ ಲೆನ್ಸ್ ತಿರುಗಿದೆ ಎಂದರ್ಥ. ಕ್ಯಾಮೆರಾವನ್ನು ಗಾಡಿಗೆ ಹಿಡಿದಿಡುವ ಮೌಂಟಿನ ಬೋಲ್ಟುಗಳಿಗೂ ಇದೇ ಗೆರೆ. ಕಣ್ಣಿಗೆ ಕಾಣದ ಜರುಗು ಗೆರೆಯಲ್ಲಿ ತಟ್ಟನೆ ಕಾಣುತ್ತದೆ, ಕ್ಯಾಮೆರಾದ ದಿಕ್ಕು ಬದಲಾಗಿತ್ತೇ ಇಲ್ಲವೇ ಎಂಬ ವಾದಕ್ಕೆ ಆಮೇಲೆ ಜಾಗ ಉಳಿಯುವುದಿಲ್ಲ.

ಕ್ಯಾಮೆರಾ ಒಳಗಿರಬೇಕೋ ಹೊರಗಿರಬೇಕೋ ಎಂಬುದು ಕೆಲಸ ನೋಡಿ ತೀರ್ಮಾನಿಸಬೇಕಾದದ್ದು. ಒಳಗಿಟ್ಟರೆ ದೂಳು, ಮಳೆ, ಕಳ್ಳರ ಕಾಟ ಇಲ್ಲ. ಆದರೆ ಡ್ಯಾಶ್‌ಬೋರ್ಡಿನ ಮೇಲಿಟ್ಟ ಒಂದು ಬಿಳಿ ಹಾಳೆ ದಿನವಿಡೀ ಪ್ರತಿ ಚಿತ್ರದ ಆಕಾಶದಲ್ಲಿ ತೇಲುತ್ತಿರುತ್ತದೆ. ಹೊಳಪಿಲ್ಲದ ಕಪ್ಪು ಬಟ್ಟೆ ಹಾಸಿದರೆ ಅರ್ಧ ತೊಂದರೆ ಹೋಯಿತು. ಪೋಲರೈಸರ್ ಫಿಲ್ಟರ್ ಹಾಕಿದರೆ ಪ್ರತಿಬಿಂಬ ಇನ್ನಷ್ಟು ಇಳಿಯುತ್ತದೆ, ಜೊತೆಗೆ ಬೆಳಕೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಶಟರಿನ ಲೆಕ್ಕ ಮತ್ತೆ ಹಾಕಬೇಕು. ಪಕ್ಕದ ಕಿಟಕಿಯ ಗಾಜಿನ ಮೂಲಕ ತೆಗೆಯುವವರು ಪೋಲರೈಸರ್ ಹಾಕಲೇಬಾರದು. ಕಾಯಿಸಿ ತಣಿಸಿ ಗಟ್ಟಿಮಾಡಿದ ಆ ಗಾಜಿನೊಳಗಿನ ಒತ್ತಡವೆಲ್ಲ ಚುಕ್ಕೆ ಪಟ್ಟೆಗಳಾಗಿ ಚಿತ್ರದಲ್ಲಿ ಮೂಡುತ್ತದೆ. ಹೊರಗೆ ಕಟ್ಟುವುದಾದರೆ ಒಂದು ಹಿಡಿತ ಸಾಲದು. ಗಾಜಿಗೆ ಕಚ್ಚಿಕೊಳ್ಳುವ ಸಕ್ಷನ್ ಕಪ್ ದೂಳಿಗೂ ಬಿಸಿಗೂ ಯಾವಾಗ ಬಿಡುತ್ತದೆಂದು ಹೇಳಲಾಗದು. ಪ್ರತ್ಯೇಕವಾಗಿ ಗಾಡಿಯ ಕಬ್ಬಿಣಕ್ಕೇ ಕಟ್ಟಿದ ಉಕ್ಕಿನ ತಂತಿ ಇರಲೇಬೇಕು. ಹಿಂದೆ ದ್ವಿಚಕ್ರ ವಾಹನದಲ್ಲಿ ಯಾರೋ ಬರುತ್ತಿರುತ್ತಾರೆ, ಬಿದ್ದ ಕ್ಯಾಮೆರಾ ಅವರ ಮೈಮೇಲೆ ಹೋಗುತ್ತದೆ.

ಮೊಬೈಲ್ ಫೋನನ್ನೇ ಕ್ಯಾಮೆರಾ ಮಾಡಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಕೆಲವು ಕೆಲಸಕ್ಕೆ ಸಾಕು. ಆದರೆ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ ಫೋನಿನ ಕ್ಯಾಮೆರಾಕ್ಕೆ ಇಂಜಿನ್ನಿನ ನಡುಕ ಹಾನಿ ಮಾಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಕೈನಡುಕ ಸರಿಪಡಿಸಲು ಲೆನ್ಸನ್ನೇ ಅಲುಗಾಡಿಸುವ ಯಂತ್ರ ಅದರೊಳಗಿರುತ್ತದೆ. ಇಡೀ ದಿನದ ಕುಲುಕಾಟಕ್ಕೆಂದು ಮಾಡಿದ್ದಲ್ಲ ಅದು. ಅಳತೆಯ ಕೆಲಸಕ್ಕಂತೂ ಅಲುಗಾಡುವ ಲೆನ್ಸ್ ಬೇಡವೇ ಬೇಡ.

ಇನ್ನು ಸಮಯ. ನೆಟ್‌ವರ್ಕ್ ಇಲ್ಲದ ದಾರಿಯಲ್ಲಿ ಹೆಚ್ಚು ಚಿತ್ರಗಳು ಹಾಳಾಗುವುದನ್ನು ನಾನು ಕಂಡಿರುವುದು ಇಲ್ಲಿಯೇ, ಲೇಖನದಲ್ಲಿ ಒಂದು ಸಾಲೂ ಇಲ್ಲದಿದ್ದದ್ದೂ ಇದರ ಬಗ್ಗೆಯೇ.

ನಮ್ಮ ಮನೆಯ ಕಂಪ್ಯೂಟರು, ಫೋನುಗಳೆಲ್ಲ ಇಂಟರ್ನೆಟ್ಟಿನಿಂದ ಸಮಯ ಕೇಳಿಕೊಂಡು ಗಡಿಯಾರ ಸರಿ ಮಾಡಿಕೊಳ್ಳುತ್ತವೆ. ಇಂಥ ಉಪಕರಣಗಳಲ್ಲಿ ಹೆಚ್ಚಾಗಿ ಬಳಸುವ ಸಣ್ಣ ಕಂಪ್ಯೂಟರ್ ಬೋರ್ಡುಗಳಲ್ಲಿ ಎಷ್ಟೋ ಬಗೆಗಳಿಗೆ ಬ್ಯಾಟರಿಯಿಂದ ನಡೆಯುವ ಸ್ವಂತ ಗಡಿಯಾರವೇ ಇರುವುದಿಲ್ಲ. ರಾಸ್ಪ್‌ಬೆರಿ ಪೈನ ನಾಲ್ಕನೇ ಪೀಳಿಗೆಯವರೆಗೂ ಇರಲಿಲ್ಲ. ಐದನೆಯದರಲ್ಲಿ ಗಡಿಯಾರವಿದೆ, ಬ್ಯಾಟರಿಯನ್ನು ನಾವೇ ಸೇರಿಸಿಕೊಳ್ಳಬೇಕು. ಗಡಿಯಾರವಿಲ್ಲದ ಬೋರ್ಡನ್ನು ಆಫೀಸಿನಲ್ಲಿ ವೈಫೈ ಇರುವಾಗ ಪರೀಕ್ಷಿಸಿದರೆ ಎಲ್ಲ ಸರಿಯಾಗಿ ಕಾಣುತ್ತದೆ. ಮರುದಿನ ಸಿಗ್ನಲ್ ಇಲ್ಲದ ಕಡೆ ಚಾಲೂ ಮಾಡಿದಾಗ ಅದು ಹಿಂದಿನ ದಿನ ಆರಿಸಿದ ಗಳಿಗೆಯಿಂದಲೇ ಎಣಿಕೆ ಶುರು ಮಾಡುತ್ತದೆ. ಬೆಳಗಿನ ಚಿತ್ರಕ್ಕೆ ಹಿಂದಿನ ಸಂಜೆಯ ಹೊತ್ತು ಬೀಳುತ್ತದೆ. ನಡುದಾರಿಯಲ್ಲಿ ಜಿಪಿಎಸ್ ಹತ್ತಿಕೊಂಡೊಡನೆ ಗಡಿಯಾರ ಒಮ್ಮೆಗೇ ಹಾರಿ ಸರಿಯಾದ ಹೊತ್ತಿಗೆ ಬರುತ್ತದೆ. ಚಿತ್ರಗಳಿಗೆ ಹೊತ್ತಿನ ಮೇಲೇ ಹೆಸರಿಡುವ ವ್ಯವಸ್ಥೆಯಾಗಿದ್ದರಂತೂ ಹಳೆಯ ಚಿತ್ರದ ಹೆಸರನ್ನೇ ಹೊಸ ಚಿತ್ರ ಪಡೆದು, ಹಳೆಯದನ್ನು ಅಳಿಸಿ ಕೂರುವ ಅಪಾಯವೂ ಇದೆ. ಆದ್ದರಿಂದ ಹೆಸರಿನಲ್ಲಿ ಎಂದೂ ಹಿಂದಕ್ಕೆ ಹೋಗದ ಒಂದು ಕ್ರಮಸಂಖ್ಯೆ ಇರಲೇಬೇಕು, ಹೊತ್ತು ಅದರ ಪಕ್ಕದಲ್ಲಿರಲಿ.

ಜಿಪಿಎಸ್ ಇದ್ದರೆ ಸಮಯದ ಚಿಂತೆ ಇಲ್ಲ ಎನ್ನುವಂತೆಯೂ ಇಲ್ಲ. ಜಿಪಿಎಸ್ ಉಪಗ್ರಹಗಳ ಕಾಲಗಣನೆಗೂ ಜಗತ್ತು ಬಳಸುವ ಯುಟಿಸಿ ಸಮಯಕ್ಕೂ 2017ರ ಜನವರಿ 1ರಿಂದ 18 ಸೆಕೆಂಡುಗಳ ಅಂತರವಿದೆ. ಭೂಮಿಯ ತಿರುಗಣೆಗೆ ಹೊಂದಿಸಲು ಯುಟಿಸಿಗೆ ಆಗಾಗ ಸೇರಿಸಿದ ಸೆಕೆಂಡುಗಳನ್ನು ಜಿಪಿಎಸ್ ಸೇರಿಸಿಕೊಳ್ಳದ ಕಾರಣ ಉಳಿದ ಅಂತರ ಇದು. ಕ್ಯಾಮೆರಾ ಒಂದು ಸಮಯದಲ್ಲಿ, ಜಿಪಿಎಸ್ ದಾಖಲೆ ಇನ್ನೊಂದರಲ್ಲಿ ಇದ್ದು, ಆಫೀಸಿನಲ್ಲಿ ಎರಡನ್ನೂ ಹಾಗೇ ಜೋಡಿಸಿದರೆ 40 ಕಿ.ಮೀ. ವೇಗದಲ್ಲಿ ಪ್ರತಿ ಚಿತ್ರವೂ 200 ಮೀಟರ್ ತಪ್ಪಿದ ಜಾಗದಲ್ಲಿ ಕೂರುತ್ತದೆ. ಸೇತುವೆಯ ಬಿರುಕು ಶಾಲೆಯ ಮುಂದೆ! ಅರ್ಧ ಸೆಕೆಂಡಿನ ವ್ಯತ್ಯಾಸವೇ ಐದೂವರೆ ಮೀಟರ್ ಆಗುತ್ತದೆ. ಇನ್ನು ಚಿತ್ರದೊಳಗೆ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ತೆಗೆದ ಹೊತ್ತು ಇರುತ್ತದೆ, ಅದು ಯಾವ ಕಾಲವಲಯದ ಹೊತ್ತು ಎಂದು ಬರೆಯಲು 2016ರ ಪರಿಷ್ಕರಣೆ ಬರುವವರೆಗೆ ಜಾಗವೇ ಇರಲಿಲ್ಲ. ಈಗ ಜಾಗವಿದ್ದರೂ ತುಂಬದೆ ಬಿಡುವ ಕ್ಯಾಮೆರಾಗಳಿವೆ.

ಇದಕ್ಕೆ ನಾನು ಹಿಡಿದಿರುವ ದಾರಿ ಸರಳವಾದದ್ದು. ಹೊರಡುವ ಮೊದಲು, ಜಿಪಿಎಸ್ ಸಮಯವನ್ನು ಸೆಕೆಂಡುಗಳ ಸಹಿತ ತೋರಿಸುವ ಒಂದು ಪರದೆಯನ್ನು ಪ್ರತಿ ಕ್ಯಾಮೆರಾದ ಮುಂದೆ ಹಿಡಿದು ಚಿತ್ರ ತೆಗೆಸುತ್ತೇನೆ. ಕೆಲಸ ಮುಗಿದ ಮೇಲೆ ಮತ್ತೊಮ್ಮೆ. ಕ್ಯಾಮೆರಾ ಬರೆದುಕೊಂಡ ಹೊತ್ತಿಗೂ ಚಿತ್ರದಲ್ಲಿ ಕಾಣುವ ಹೊತ್ತಿಗೂ ಇರುವ ಅಂತರ ತಿಳಿಯುತ್ತದೆ, ಆ ಅಂತರ ದಿನದಲ್ಲಿ ಎಷ್ಟು ಜಾರಿತು ಎಂಬುದೂ ತಿಳಿಯುತ್ತದೆ. ಯಾರು ಎಷ್ಟು ವರ್ಷದ ಮೇಲೆ ಆ ಚಿತ್ರಗಳನ್ನು ತೆರೆದರೂ ಸಾಕ್ಷಿ ಅಲ್ಲೇ ಇರುತ್ತದೆ.

ಚಾಲೂ ಮಾಡಿದ ಕೂಡಲೇ ಹೊರಡಲು ಆತುರಪಡಿಸುವ ಅಧಿಕಾರಿಗಳಿಗೂ ಒಂದು ಮಾತು ಹೇಳಬೇಕು. ಫೋನಿನಲ್ಲಿ ಜಿಪಿಎಸ್ ಬೇಗ ಹತ್ತಿಕೊಳ್ಳುವುದು ಉಪಗ್ರಹಗಳ ಲೆಕ್ಕ ಇಂಟರ್ನೆಟ್ ಮೂಲಕ ಮೊದಲೇ ಬಂದಿರುವುದರಿಂದ. ನೆಟ್‌ವರ್ಕ್ ಇಲ್ಲದಾಗ ರಿಸೀವರ್ ಆ ಲೆಕ್ಕವನ್ನು ಉಪಗ್ರಹದಿಂದಲೇ ಕೇಳಿಕೊಳ್ಳಬೇಕು, ಅದು ಸೆಕೆಂಡಿಗೆ 50 ಬಿಟ್‌ಗಳ ವೇಗದಲ್ಲಿ ನಿಧಾನವಾಗಿ ಬರುತ್ತದೆ. ಒಂದು ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಬಯಲಿನಲ್ಲಿ, ಆಕಾಶ ತೆರೆದು ಕಾಣುವ ಕಡೆ ಗಾಡಿ ನಿಲ್ಲಿಸಿ ಆ ಹೊತ್ತನ್ನು ಕೊಡಬೇಕು. ಆಂಟೆನಾ ಗಾಡಿಯ ಮಾಡಿನ ಮೇಲಿರಬೇಕು. ಬಿಸಿಲು ತಡೆಯಲು ಲೋಹದ ಲೇಪ ಹಚ್ಚಿದ ಗಾಜು ಜಿಪಿಎಸ್ ಸಂಕೇತವನ್ನೂ ತಡೆಯುತ್ತದೆ.

ಇನ್ನು ನನಗೆ ಹೆಚ್ಚು ನೋವು ಕೊಟ್ಟ ವಿಷಯ. ನಾನು ಹಿಂದೆ ದುಡಿದ ಒಂದು ಸಂಸ್ಥೆಯಲ್ಲಿ ಉಪಕರಣಕ್ಕೆ ಕರೆಂಟು ಗಾಡಿಯ ಕೀಯಿಂದಲೇ ಬರುತ್ತಿತ್ತು. ಒಂದು ದಿನ ಚಾಲಕರು ದಾರಿ ಕೇಳಲೆಂದು ಗಾಡಿ ನಿಲ್ಲಿಸಿ, ಎಂದಿನಂತೆ ಕೀ ತಿರುಗಿಸಿ ಇಳಿದರು. ವಿಡಿಯೊ ಬರೆಯುತ್ತಿದ್ದ ಉಪಕರಣ ಅಲ್ಲೇ ಸತ್ತಿತು. ಎಂಪಿ4 ಕಡತದಲ್ಲಿ ಎಲ್ಲಿ ಏನಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತಾರೆ. ಅದನ್ನು ಬರೆಯುವ ಮೊದಲೇ ಕರೆಂಟು ಹೋದರೆ ಗಿಗಾಬೈಟ್‌ಗಟ್ಟಲೆ ಇದ್ದರೂ ಕಡತ ತೆರೆಯುವುದಿಲ್ಲ. ಬೆಳಗಿನಿಂದ ಸುತ್ತಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. "ಮೇಡಂ, ಹಸಿರು ಲೈಟು ಉರೀತಾನೇ ಇತ್ತಲ್ಲ, ನಾನೇನು ಮಾಡಿದೆ?" ಎಂದು ಆ ಹಿರಿಯರು ಕೇಳಿದ್ದು ಈಗಲೂ ಕಿವಿಯಲ್ಲಿದೆ. ಅವರು ಏನೂ ಮಾಡಿರಲಿಲ್ಲ. ಗಾಡಿ ನಿಲ್ಲಿಸಿ ಇಳಿಯುವ ಚಾಲಕ ಕೀ ತಿರುಗಿಸಿಯೇ ಇಳಿಯಬೇಕು, ಅದು ಅವರ ಕರ್ತವ್ಯ. ಆದರೂ ಸಂಸ್ಥೆಯವರು ಆ ದಿನದ ಡೀಸೆಲ್ಲಿನ ಖರ್ಚನ್ನು ಅವರ ತಲೆಗೆ ಕಟ್ಟಲು ನೋಡಿದರು. ನಾನು ಜಗಳವಾಡಿದೆ. ಕೀ ತಿರುಗಿಸಿದರೆ ಸಾಯುವ ಉಪಕರಣವನ್ನು ಗಾಡಿಗೆ ಕಟ್ಟಿದವರು ಹೊಣೆಯೇ ಹೊರತು ಕೀ ತಿರುಗಿಸಿದವರಲ್ಲ ಎಂದು ಇಂದಿಗೂ ಹೇಳುತ್ತೇನೆ.

ಇದನ್ನು ತಡೆಯಲು ದೊಡ್ಡ ವಿಜ್ಞಾನ ಬೇಡ. ಕರೆಂಟು ಹೋದ ಮೇಲೂ ಕೈಯಲ್ಲಿದ್ದ ಕೆಲಸ ಮುಗಿಸಿ ಮಲಗುವಷ್ಟು ಹೊತ್ತು ಉಪಕರಣವನ್ನು ಉಳಿಸುವ ಸಣ್ಣ ಬ್ಯಾಟರಿಯೋ, ಬ್ಯಾಟರಿಯಂತೆ ಒಂದಿಷ್ಟು ಕರೆಂಟು ಕೂಡಿಟ್ಟುಕೊಳ್ಳುವ ಸೂಪರ್ ಕೆಪಾಸಿಟರೋ ಇದ್ದರೆ ಸಾಕು. ಇಂಜಿನ್ ಸ್ಟಾರ್ಟ್ ಮಾಡುವಾಗ 12 ವೋಲ್ಟಿನ ಬ್ಯಾಟರಿ ಒಂದು ಕ್ಷಣ ಬಹಳ ಕೆಳಗೆ ಕುಸಿಯುತ್ತದೆ, ಆಗಲೂ ಇದೇ ಕಾಪಾಡುತ್ತದೆ. ಉದ್ದನೆಯ ಒಂದೇ ವಿಡಿಯೊ ಬರೆಯುವ ಬದಲು ಬಿಡಿ ಚಿತ್ರಗಳನ್ನೋ ಒಂದೊಂದು ನಿಮಿಷದ ತುಣುಕುಗಳನ್ನೋ ಬರೆದರೆ ಹೋದರೂ ಕೊನೆಯ ತುಣುಕು ಮಾತ್ರ ಹೋಗುತ್ತದೆ. ಪ್ರತಿ ಚಿತ್ರವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಅದು ನಿಜಕ್ಕೂ ಡಿಸ್ಕ್ ಸೇರಿದ ಮೇಲೆಯೇ ಅಸಲಿ ಹೆಸರು ಕೊಡಬೇಕು. ಆಗ ಅಸಲಿ ಹೆಸರಿನ ಚಿತ್ರವೆಂದರೆ ಪೂರ್ತಿ ಚಿತ್ರ ಎಂದು ನಂಬಬಹುದು. ಖರೀದಿಸುವವರಿಗೆ ನನ್ನ ವಿನಂತಿ: ಮಾರುವವರು ಪ್ರದರ್ಶನಕ್ಕೆ ಬಂದಾಗ, ಚಿತ್ರ ತೆಗೆಯುತ್ತಿರುವ ಹೊತ್ತಿನಲ್ಲೇ ನೀವೇ ಕೈಯಾರೆ ವೈರ್ ಕಿತ್ತುಹಾಕಿ. ಮತ್ತೆ ಚುಚ್ಚಿ. ಹೀಗೆ ಹಲವು ಸಲ ಮಾಡಿದ ಮೇಲೆ ಎಷ್ಟು ಚಿತ್ರ ಉಳಿದಿವೆ ನೋಡಿ. ಇದಕ್ಕೆ ಒಪ್ಪದ ಮಾರಾಟಗಾರರ ಉಪಕರಣ ಕೊಳ್ಳಬೇಡಿ.

ಹಸಿರು ಲೈಟಿನ ಮಾತು ಬಂತು. ಎಷ್ಟೋ ಉಪಕರಣಗಳಲ್ಲಿ ಆ ಲೈಟು ಹೇಳುವುದು ಕರೆಂಟು ಬರುತ್ತಿದೆ ಎಂದಷ್ಟೇ. ಚಿತ್ರ ಉಳಿಯುತ್ತಿದೆ ಎಂದಲ್ಲ. ಚಾಲಕರಿಗೂ ಜೊತೆಗಿರುವವರಿಗೂ ಬೇಕಾದದ್ದು ನಾಲ್ಕೇ ಸಂಗತಿ: ಏರುತ್ತಿರುವ ಚಿತ್ರಗಳ ಎಣಿಕೆ, ಕೊನೆಯದಾಗಿ ಉಳಿದ ಚಿತ್ರ, ಜಿಪಿಎಸ್ ಸ್ಥಿತಿ, ಮಿಕ್ಕ ಜಾಗದಲ್ಲಿ ಇನ್ನೆಷ್ಟು ಕಿಲೋಮೀಟರ್ ಹಿಡಿಯುತ್ತದೆ ಎಂಬ ಲೆಕ್ಕ. ಏನಾದರೂ ನಿಂತರೆ ಸದ್ದು ಮಾಡಬೇಕು. ಗಾಡಿ ಓಡಿಸುವವರು ಪರದೆ ನೋಡುವಂತಾಗಬಾರದು, ಅವರ ಕಣ್ಣು ರಸ್ತೆಯ ಮೇಲಿರಬೇಕು.

ಲೇಖನದಲ್ಲಿ ಹೇಳಿದಂತೆ ಚಿತ್ರಗಳನ್ನು ಆಗಿಂದಾಗ್ಗೆ ಸರ್ವರ್‌ಗೆ ಕಳಿಸಿಬಿಡಬಹುದಲ್ಲ ಎಂಬವರಿಗೆ ಒಂದು ಲೆಕ್ಕ. ಎರಡು ಮೀಟರಿಗೊಂದು ಚಿತ್ರದಂತೆ 100 ಕಿ.ಮೀ. ಸುತ್ತಿದರೆ 50,000 ಚಿತ್ರ. ಒಂದಕ್ಕೆ 4 ಎಂಬಿ ಎಂದರೂ 200 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕ ಒಂದು ಕ್ಷಣವೂ ಕಡಿಯದೆ ಸಿಕ್ಕರೂ ಅದನ್ನು ಕಳಿಸಲು 44 ಗಂಟೆ ಬೇಕು. ಅದೇ 200 ಜಿಬಿಯನ್ನು ಸೆಕೆಂಡಿಗೆ 100 ಎಂಬಿ ವೇಗದ ಡಿಸ್ಕಿಗೆ ಇಳಿಸಲು ಅರ್ಧ ಗಂಟೆ ಸಾಕು. ಡಿಸ್ಕ್ ಕೈಯಲ್ಲಿ ಹಿಡಿದು ಬಸ್ ಹತ್ತುವುದೇ ಇಲ್ಲಿ ವೇಗದ ದಾರಿ. ಅದಕ್ಕೇ ಎರಡು ಬೇರೆ ಬೇರೆ ಡಿಸ್ಕಿಗೆ ಪ್ರತಿ ಇಳಿಸಿ, ಎರಡೂ ಮೂಲದೊಂದಿಗೆ ಅಕ್ಷರಶಃ ತಾಳೆಯಾಗುತ್ತವೆಯೇ ಎಂದು ಚೆಕ್‌ಸಮ್ (ಕಡತದ ಒಳಗಿನದನ್ನೆಲ್ಲ ಲೆಕ್ಕ ಹಾಕಿ ತೆಗೆದ ತಾಳೆಸಂಖ್ಯೆ) ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಯಾರೂ ಅಳಿಸಕೂಡದು. ಸಾಮಾನ್ಯ ಡ್ಯಾಶ್‌ಕ್ಯಾಮ್‌ಗಳು ಜಾಗ ತುಂಬಿದಾಗ ಹಳೆಯದರ ಮೇಲೇ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತವೆ. ಅಪಘಾತದ ಸಾಕ್ಷಿಗೆ ಅದು ಸರಿ, ಸರ್ವೆಗೆ ಅದು ಘಾತ.

ಜನರ ಮುಖ, ಗಾಡಿಗಳ ನಂಬರ್ ಪ್ಲೇಟು, ಅಂಗಳದಲ್ಲಿ ಆಡುವ ಮಕ್ಕಳು, ಇವೆಲ್ಲ ನಮ್ಮ ಚಿತ್ರಗಳಲ್ಲಿ ಬರುತ್ತವೆ. ಅವರು ಯಾರೂ ನಮಗೆ ಒಪ್ಪಿಗೆ ಕೊಟ್ಟವರಲ್ಲ. ಸ್ಟ್ರೀಟ್ ವ್ಯೂ ಶುರುವಾದ ಮರುವರ್ಷವೇ ಗೂಗಲ್ ಮುಖಗಳನ್ನು ಮಸುಕು ಮಾಡತೊಡಗಿತು. ಅದೇ ಗಾಡಿಗಳು ಜನರ ಮನೆಗಳ ವೈಫೈಯಲ್ಲಿ ಹರಿಯುತ್ತಿದ್ದ ಮಾಹಿತಿಯನ್ನೂ ಹಿಡಿದಿಟ್ಟಿದ್ದವೆಂದು 2010ರಲ್ಲಿ ಕಂಪನಿ ಒಪ್ಪಿಕೊಳ್ಳಬೇಕಾಯಿತು. ಸರ್ವರ್‌ಗೆ ಹೋಗದ, ಗಾಡಿಯಲ್ಲೇ ಉಳಿಯುವ ಚಿತ್ರ ಸುರಕ್ಷಿತ ಎಂಬ ಭಾವನೆ ಇದೆ. ಹಾಗಲ್ಲ. ಬೀಗವಿಲ್ಲದ ಒಂದು ಡಿಸ್ಕ್ ಸೀಟಿನ ಕೆಳಗೆ ಬಿದ್ದಿದ್ದರೆ ಯಾರು ಬೇಕಾದರೂ ಜೇಬಿಗಿಳಿಸಬಹುದು. ಡಿಸ್ಕ್ ಗೂಢಲಿಪಿಯಲ್ಲಿರಬೇಕು. ಮುಖ ಮತ್ತು ನಂಬರುಗಳನ್ನು ಮಸುಕು ಮಾಡದ ಪ್ರತಿ ಒಂದೇ ಕಡೆ, ಒಬ್ಬರ ಹೊಣೆಯಲ್ಲಿರಬೇಕು, ಉಳಿದವರಿಗೆಲ್ಲ ಮಸುಕು ಮಾಡಿದ ಪ್ರತಿಯೇ ಹೋಗಬೇಕು. ಬೇಕಿಲ್ಲದಿದ್ದರೆ ಮೈಕ್ ತೆಗೆದೇಬಿಡಬೇಕು. ಗಾಡಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇದು ಏನು, ಯಾರಿಗಾಗಿ ಎಂದು ಬರೆದಿರಬೇಕು. ಯಾರಾದರೂ ತಡೆದು ಕೇಳಿದರೆ ಇಳಿದು ಸಮಾಧಾನವಾಗಿ ಉತ್ತರಿಸುವುದು ನಮ್ಮ ಕೆಲಸದ ಭಾಗವೇ. ಹಾಗೆ ಕೇಳುವವರ ಮೇಲೆ ನನಗೆ ಗೌರವವಿದೆ.

ಕೊನೆಯದಾಗಿ, ಸ್ಥಳ ಬಿಡುವ ಮೊದಲು ಅಲ್ಲೇ ಮಾಡುವ ತಪಾಸಣೆಗೆ ಹೊತ್ತು ಕೊಡಿ ಎಂದು ಕೆಲಸ ಕೊಡುವವರಲ್ಲಿ ಕೇಳಿಕೊಳ್ಳುತ್ತೇನೆ. ಮೊದಲ ಚಿತ್ರ, ಕೊನೆಯ ಚಿತ್ರ, ನಡುವಿನ ಕೆಲವು, ಜೊತೆಗೆ ನೆರಳಿನಲ್ಲಿ ತೆಗೆದವು. ಇವನ್ನು ಪೂರ್ತಿ ಗಾತ್ರದಲ್ಲಿ ತೆರೆದು ನೋಡಬೇಕು. ಸಣ್ಣ ಪರದೆಯಲ್ಲಿ ಪುಟ್ಟದಾಗಿ ಕಾಣುವಾಗ ಎಲ್ಲ ಚಿತ್ರವೂ ಸ್ಪಷ್ಟವೇ. ಮೊದಲೇ ಇಳಿಸಿಟ್ಟುಕೊಂಡ ನಕ್ಷೆಯ ಮೇಲೆ ಚಿತ್ರಗಳ ಚುಕ್ಕೆಗಳನ್ನು ಹರಡಿ ಎಲ್ಲಿ ಸಾಲು ಕಡಿದಿದೆ ನೋಡಬೇಕು. ಅಲ್ಲೇ ಗೊತ್ತಾದರೆ ಗಾಡಿ ತಿರುಗಿಸಿ ಮತ್ತೊಮ್ಮೆ ಹೋಗಿಬರುತ್ತೇವೆ. ವಾರದ ಮೇಲೆ ಆಫೀಸಿನಲ್ಲಿ ಗೊತ್ತಾದರೆ ಅಷ್ಟರಲ್ಲಿ ಮಳೆ ಬಂದು ಗುಂಡಿ ತುಂಬಿರುತ್ತದೆ, ಯಾರೋ ತೇಪೆ ಹಾಕಿರುತ್ತಾರೆ. ಒಪ್ಪಂದದಲ್ಲಿ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಬರೆಯುವವರು ಈ ತಪಾಸಣೆಯ ಹೊತ್ತನ್ನೂ, ಬೆಳಿಗ್ಗೆ ಜಿಪಿಎಸ್‌ಗೆ ಕೊಡುವ ಹೊತ್ತನ್ನೂ, ಸಂಜೆ ಪ್ರತಿ ಇಳಿಸುವ ಹೊತ್ತನ್ನೂ ಕೆಲಸದ ಅವಧಿಯೊಳಗೇ ಸೇರಿಸಲಿ. ಈಗ ಅದೆಲ್ಲ ಚಾಲಕರ ಮತ್ತು ನಮ್ಮಂಥವರ ನಿದ್ದೆಯಿಂದ ಕಳೆಯುತ್ತಿದೆ.

ಇಂತಿ,
ವಾಹನ ಕ್ಯಾಮೆರಾ ಸರ್ವೆಯಲ್ಲಿ ದುಡಿಯುವ ಒಬ್ಬ ಫೀಲ್ಡ್ ತಂತ್ರಜ್ಞೆ